ಹಿಂದಿನ ಗಾಲಿಯ ಸದ್ದು

ಮೊದಲೇ ಹೇಳಿಬಿಡುತ್ತೇನೆ, ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಕೊಟ್ಟೂರಿನ ನಮ್ಮ ಓಣಿಯಲ್ಲಿ ಯಾರನ್ನು ಕೇಳಿದರೂ "ಆ ಗಾಡಿ ಶಿವಲೀಲಾನ ಬಾಯಿಗೆ ಮಾತ್ರ ಸಿಗಬ್ಯಾಡ್ರಿ" ಎನ್ನುತ್ತಾರೆ. ಅನ್ನಲಿ. ಲಂಗ, ನೈಟಿ ಹೊಲಿದು, ಎರಡು ದೊಡ್ಡ ಗಂಟು ಕಟ್ಟಿ, ಬೈಕಿನ ಹಿಂದೆ ಏರಿಸಿಕೊಂಡು ಕೂಡ್ಲಿಗಿ, ಉಜ್ಜಿನಿ, ಹಗರಿಬೊಮ್ಮನಹಳ್ಳಿ ಅಂತ ಸಂತೆ ಸಂತೆ ತಿರುಗುವ ಹೆಂಗಸಿಗೆ ಬಾಯಿಯೂ ಇಲ್ಲದಿದ್ದರೆ ಬದುಕುವುದು ಹೇಗೆ?

ಆ ಬೈಕು ನನ್ನದು. ಗಂಡನದಲ್ಲ, ಅಪ್ಪ ಕೊಟ್ಟದ್ದೂ ಅಲ್ಲ. ರಿಟೈರ್ ಆದ ಲೈನ್‌ಮನ್ ಒಬ್ಬರು ಮಾರುತ್ತಾರೆಂದು ಗೊತ್ತಾದಾಗ, ವರ್ಷಗಟ್ಟಲೆ ಹೊಲಿಗೆ ಮಷೀನು ತುಳಿದು ಕೂಡಿಟ್ಟದ್ದನ್ನೆಲ್ಲ ಕೊಟ್ಟು ತೆಗೆದುಕೊಂಡೆ. ಆಗಲೇ ಹಳೆಯದು. ಟ್ಯಾಂಕಿನ ಬಣ್ಣ ಮಾಸಿತ್ತು, ಸೀಟು ಹರಿದಿತ್ತು. ಸೀಟಿಗೆ ನಾನೇ ದಪ್ಪ ರೆಕ್ಸಿನ್ ಹೊಲಿದು ಹಾಕಿದೆ. ಸೀರೆ ಎತ್ತಿ ಕಟ್ಟಿ ಬೈಕ್ ಕಲಿಯುವಾಗ ಕೊಟ್ಟೂರೆಲ್ಲ ಹಲ್ಲು ಕಿಸಿದಿತ್ತು. ಹಿಂದೆ ಕೂತು ಹೆದರದೆ ಕಲಿಸಿದವನು ನನ್ನ ಗಂಡ ಬಸವೇಶ್. ಈಗ 'ಅವನು' ಎನ್ನುತ್ತಿದ್ದೇನೆ. ಈ ಮುಂಗಾರಿನವರೆಗೂ 'ಅವರು' ಎನ್ನುತ್ತಿದ್ದೆ.

ಬಸವೇಶ್ ಗಾರೆ ಕೆಲಸದವನು. ಅವನ ಊರು ಹಿರೇಹಡಗಲಿ. ಅಲ್ಲಿ ಅವನ ಅಣ್ಣ ನಾಗಪ್ಪ ಇದ್ದಾನೆ, ಇನ್ನೂ ಪಾಲಾಗದ ಹೊಲವಿದೆ. ಆದರೆ ಆ ಮನೆಗೆ ನಾವು ಹೋಗುತ್ತಿರಲಿಲ್ಲ. ಯಾಕೆಂದರೆ, ನಮ್ಮ ಅತ್ತೆ ತೀರಿಕೊಂಡು ಶಿವಗಣಾರಾಧನೆ ನಡೆದ ದಿನ ಅವರ ಬಂಗಾರದ ಬೋರಮಾಳ ಸರ ಕಾಣಲಿಲ್ಲ. ಉಂಡವರು ಇನ್ನೂ ಕೈ ತೊಳೆಯುತ್ತಿದ್ದರು. ನಾಗಪ್ಪ ನನ್ನ ಟ್ರಂಕನ್ನು ಪಡಸಾಲೆಗೆ ಎಳೆದು ತಂದು "ತೆಗಿ" ಎಂದ. ತೆಗೆದೆ. ನನ್ನ ಸೀರೆ, ಒಳಲಂಗ, ಉಳಿಯದೆ ಹೋದ ಕೂಸಿಗೆಂದು ಹೊಲಿದಿಟ್ಟಿದ್ದ ಕುಲಾಯಿ, ಎಲ್ಲವನ್ನೂ ಬೀಗರ ಮುಂದೆ ಎತ್ತಿ ಎತ್ತಿ ಝಾಡಿಸಿದ. ಸರ ಸಿಗಲಿಲ್ಲ. "ಎಲ್ಲ್ಯರ ದಾಟಿಸಿರಬೇಕು ಬಿಡು" ಎಂದ. ನೆಲ ಬಾಯಿ ಬಿಡಬಾರದೇ ಅನ್ನಿಸಿತ್ತು ನನಗೆ.

ಅವತ್ತು ಬಸವೇಶ್ ಕೊರಳಿನ ಲಿಂಗವನ್ನು ಅಂಗೈಯಲ್ಲಿ ಹಿಡಿದು, ಎಲ್ಲರಿಗೂ ಕೇಳುವ ಹಾಗೆ, "ನನ್ನ ಹೇಣ್ತಿ ಕಳ್ಳಿ ಅಂದ ಮನಿ ಹೊಸ್ತಿಲ ಇನ್ನ ನಾ ತುಳಿಯಂಗಿಲ್ಲ. ಲಿಂಗದಾಣಿ" ಎಂದ. ಅದೇ ಸಂಜೆ ಟ್ರಂಕು ಹೊತ್ತುಕೊಂಡು ಕೊಟ್ಟೂರಿಗೆ ಬಂದೆವು. ಬೈಕು ಕೊಂಡದ್ದು ಅದಾಗಿ ಎಷ್ಟೋ ಕಾಲದ ಮೇಲೆ. ಆಮೇಲೆ ಅವನು ನನಗೊಂದು ಸೀರೆ ತರಲಿಲ್ಲ, ಕಾಯಿಲೆ ಬಿದ್ದಾಗ ಒಂದು ಲೋಟ ಗಂಜಿ ಕಾಯಿಸಲಿಲ್ಲ. ಯಾವುದಕ್ಕೂ ನಾನು ಲೆಕ್ಕ ಇಡಲಿಲ್ಲ. ಆ ಒಂದು ಮಾತು ನನ್ನ ಪಾಲಿಗೆ ಸಾಕಾಗಿತ್ತು.

ಸದ್ದು ಶುರುವಾದದ್ದು ಮೆಕ್ಕೆಜೋಳ ಗೇಣುದ್ದ ಬಂದ ಹೊತ್ತಿನಲ್ಲಿ. ಕೂಡ್ಲಿಗಿ ಸಂತೆಯಿಂದ ಬರುತ್ತಿದ್ದೆ. ಹಿಂದಿನಿಂದ ಗರ್ರ್ ಅಂತ ಒಂದು ಸದ್ದು, ಬೀಸುವ ಕಲ್ಲಿನಲ್ಲಿ ಕಾಳಿಲ್ಲದೆ ತಿರುಗಿಸಿದ ಹಾಗೆ. ಮನೆಗೆ ಬಂದವಳೇ ಹೇಳಿದೆ.

"ರೀ, ಗಾಡಿ ಹಿಂದ ಏನೋ ಗರ್ ಅಂತೈತಿ."

"ಹಳೇ ಗಾಡಿ, ಅನ್ನದ ಏನ್ ಮಾಡ್ತೈತಲೇ? ನಿನ್ನ ಬಾಯೀನೂ ಗರ್ ಅಂತೈತಿ, ನಾ ಏನರ ಅಂತೀನೇನು?" ಎಂದು ನಕ್ಕ. ನಾನೂ ನಕ್ಕೆ, ಹುಚ್ಚಿ.

ಮರುದಿನ ನಾನು ಏಳುವಷ್ಟರಲ್ಲಿ ಅವನೇ ಚೈನಿಗೆ ಎಣ್ಣೆ ಬಿಡುತ್ತ ಕೂತಿದ್ದ. ಹದಿನಾರು ಸಲ ಹೇಳಿದರೂ ಮನೆಯ ನಲ್ಲಿ ರಿಪೇರಿ ಮಾಡದ ಮನುಷ್ಯ, ನನ್ನ ಗಾಡಿಗೆ ಎಣ್ಣೆ ಬಿಡುತ್ತಿದ್ದಾನಲ್ಲ ಎಂದು ನನಗೆ ಒಳಗೊಳಗೇ ಖುಷಿ. ಸಂತೆ ಇಲ್ಲದ ದಿನ ಗಾಡಿ ಅವನು ಒಯ್ಯುತ್ತಿದ್ದ. ಹರಪನಹಳ್ಳಿಯಲ್ಲಿ ಒಂದು ಮನೆ ಕಟ್ಟುವ ಕೆಲಸ ಸಿಕ್ಕಿದೆ ಎಂದು ಹೇಳಿದ್ದ.

ಎಣ್ಣೆಗೆ ಸದ್ದು ಹೋಗಲಿಲ್ಲ. ನನಗೋ ಒಂದು ಗುಣ, ಏನಾದರೂ ತಲೆಗೆ ಹೊಕ್ಕರೆ ಬಿಡುವವಳಲ್ಲ. ಉಜ್ಜಿನಿ ದಾರಿಯ ಇಳಿಜಾರಿನಲ್ಲಿ ಗಾಡಿಯನ್ನು ನ್ಯೂಟ್ರಲ್‌ಗೆ ಹಾಕಿ, ಇಂಜಿನ್ ಬಂದ್ ಮಾಡಿ, ಸುಮ್ಮನೆ ಉರುಳಬಿಟ್ಟೆ. ಗರ್ರ್ ಇತ್ತು. ಅಂದಮೇಲೆ ಇಂಜಿನ್ನಿನದಲ್ಲ. ಬ್ರೇಕ್ ಒತ್ತಿದೆ, ಸದ್ದು ಬದಲಾಗಲಿಲ್ಲ. ಬ್ರೇಕಿನ ಲೈನರ್ ಉಜ್ಜುತ್ತಿಲ್ಲ. ಜೋರಾಗಿ ಹೋದರೆ ಸದ್ದೂ ಜೋರು, ನಿಧಾನಕ್ಕೆ ಹೋದರೆ ನಿಧಾನ. ಗಾಲಿ ತಿರುಗಿದ ಹಾಗೆ ಅದೂ ತಿರುಗುತ್ತಿತ್ತು. ಅದರ ಜೊತೆಗೆ ಈಗ ಇನ್ನೊಂದು. ಎಕ್ಸಲೇಟರ್ ಕೊಟ್ಟ ಕೂಡಲೇ ಹಿಂದೆ 'ಟಕ್' ಅಂತ ಒಂದು ಏಟು, ಬಿಟ್ಟ ಕೂಡಲೇ ಮತ್ತೊಂದು.

ಮನೆಯಲ್ಲಿ ಡಬಲ್ ಸ್ಟ್ಯಾಂಡ್ ಹಾಕಿ ಹಿಂದಿನ ಗಾಲಿಯನ್ನು ಕೈಯಲ್ಲಿ ತಿರುಗಿಸಿ ನೋಡಿದೆ. ಚೈನು ಒಂದು ಕಡೆ ತಂತಿಯಂತೆ ಬಿಗಿ, ಇನ್ನೊಂದು ಕಡೆ ಜೋತುಬೀಳುವಷ್ಟು ಸಡಿಲ. ಬಸವೇಶ್ ಬಾಗಿಲಲ್ಲಿ ನಿಂತು ನೋಡುತ್ತಿದ್ದ.

"ಹುಲುಗೇಶನ ಕಡಿ ಒಯ್ದು ತೋರಿಸ್ಕೊಂಡ್ ಬರ್ತೀನಿ," ಎಂದೆ. ಹುಲುಗೇಶ ಹರಪನಹಳ್ಳಿ ರಸ್ತೆಯಲ್ಲಿ ಗ್ಯಾರೇಜ್ ಇಟ್ಟವನು, ಈ ಗಾಡಿಯನ್ನು ಮೊದಲಿನಿಂದ ಬಲ್ಲವನು.

"ಅವನ ಕಡಿ ಯಾಕ? ಇಲ್ಲದ್ದೆಲ್ಲಾ ಹೇಳ್ತಾನ ಅವ. ಮಳಿ ಮುಗೀಲಿ, ನಾನ ಎಲ್ಲಾ ಬಿಚ್ಚಿ ಮಾಡಿಕೊಡ್ತೀನಿ."

"ನಿಮಗೇನ್ ಬರ್ತೈತಿ ಬಿಚ್ಚಾಕ? ಇಟ್ಟಂಗಿ ಇಡೂದಾ ಇದು?"

"ಬ್ಯಾಡ ಅಂದ್ರ ಬ್ಯಾಡ ಲೇ," ಎಂದು ಸಿಡುಕಿದ. ಸಿಡುಕುವುದು ನನ್ನ ಕೆಲಸ, ಅವನದಲ್ಲ. ನಾನು ಬೆರಗಾಗಿ ಗಾಡಿಯನ್ನು ಸ್ಟ್ಯಾಂಡಿನಿಂದ ಇಳಿಸಿದೆ.

ಹೀಗೇ ಇನ್ನಷ್ಟು ದಿನ ತಳ್ಳುತ್ತಿದ್ದೆನೋ ಏನೋ. ಹಗರಿಬೊಮ್ಮನಹಳ್ಳಿ ಸಂತೆಗೆ ಹೋಗುವಾಗ ಒಂದು ತಿರುವಿನಲ್ಲಿ ಹಿಂದಿನ ಗಾಲಿ ಹಾವಿನಂತೆ ಹೊಯ್ದಾಡಿತು. ಗಂಟುಗಳ ಭಾರಕ್ಕೆ ಗಾಡಿ ಎಡಕ್ಕೆ ವಾಲಿ, ಎದುರಿಗೆ ಬಂದ ಟ್ರ್ಯಾಕ್ಟರಿನ ದೊಡ್ಡ ಗಾಲಿ ನನ್ನ ಮೊಣಕಾಲಿನ ಪಕ್ಕದಲ್ಲೇ ಹಾದುಹೋಯಿತು. ಡ್ರೈವರ್ ಬಯ್ದ. ನಾನು ತಿರುಗಿ ಬಯ್ಯಲಿಲ್ಲ. ಸಂತೆಯೂ ಬೇಡ ಏನೂ ಬೇಡ ಎಂದು ಗಾಡಿ ತಿರುಗಿಸಿ, ನಿಧಾನಕ್ಕೆ ಹುಲುಗೇಶನ ಗ್ಯಾರೇಜಿಗೆ ಬಂದೆ.

ಹುಲುಗೇಶ ಗಾಲಿಯನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದ. ಅಲ್ಲಾಡಬಾರದ ಗಾಲಿ ಲಟಕ್ ಲಟಕ್ ಎಂದಿತು. ಉದ್ದನೆಯ ಸ್ಕ್ರೂಡ್ರೈವರನ್ನು ಆಕ್ಸಲಿಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿ, ನನಗೂ ಕೇಳಿಸಿದ. ಒಳಗೆ ಹರಳು ಅರೆದ ಹಾಗೆ ಕೇಳುತ್ತಿತ್ತು.

"ಬೇರಿಂಗ್ ಹೋಗ್ಯಾವಕ್ಕಾ. ಎರಡೂ ಹೋಗ್ಯಾವ. ಗರ್ ಅನ್ನೂದು ಅದು," ಎಂದ. "ಟಕ್ ಅನ್ನೂದು ಬ್ಯಾರೆ. ಬಿಚ್ಚಿದ್ರ ತಿಳಿತೈತಿ."

ಬಿಚ್ಚಿದ. ಚೈನಿನ ಹಲ್ಲುಚಕ್ರದ ಹಲ್ಲುಗಳೆಲ್ಲ ಒಂದೇ ಕಡೆಗೆ ಬಾಗಿ ಕೊಕ್ಕೆಯಾಗಿದ್ದವು. ಗಾಲಿಯ ನಡುವಿನ ಹಬ್ ಒಳಗಿನ ರಬ್ಬರುಗಳು, ಎಳೆತದ ಏಟು ತಡೆಯಲಿ ಎಂದು ಇಟ್ಟಿರುತ್ತಾರಲ್ಲ ಅವು, ಜಜ್ಜಿ ಪುಡಿಯಾಗಿದ್ದವು. ಟಕ್ ಎನ್ನುತ್ತಿದ್ದದ್ದು ಅದೇ. ಹುಲುಗೇಶ ಆ ಪುಡಿಯನ್ನು ಕೈಯಲ್ಲಿ ಹಿಡಿದು ನನ್ನ ಮುಖ ನೋಡಿದ.

"ಅಕ್ಕಾ, ಬಯ್ಯಬ್ಯಾಡ. ಈ ಗಾಡೀನ ಎಡಿ ಹೊಡಿಯಾಕ ಕಟ್ಟೀರೇನು?"

ನಮ್ಮ ಕಡೆ ಈಗ ಎತ್ತು ಸಾಕುವವರು ಕಡಿಮೆ. ಮೆಕ್ಕೆಜೋಳದ ಸಾಲುಗಳ ನಡುವಿನ ಕಳೆ ತೆಗೆಯಲು ಹಳೇ ಬೈಕಿನ ಹಿಂದೆ ಹಗ್ಗದಿಂದ ಎಡೆಕುಂಟೆ ಕಟ್ಟಿ ಎಳೆಸುತ್ತಾರೆ. ಒಬ್ಬ ಬೈಕಿನ ಮೇಲೆ, ಇನ್ನೊಬ್ಬ ಹಿಂದೆ ಕುಂಟೆ ಒತ್ತಿಹಿಡಿದು ನಡೆಯುತ್ತ. ಬೆಳಗಿನಿಂದ ಸಂಜೆಯವರೆಗೆ ಫಸ್ಟ್ ಗೇರಿನಲ್ಲೇ ಒದರಿಸಬೇಕು. ಗಾಡಿಯ ಪ್ರಾಣ ಹೋಗುತ್ತದೆ. ಅದಕ್ಕೇ ಗುಜರಿಗೆ ಹಾಕುವ ಗಾಡಿಯನ್ನು ಮಾತ್ರ ಕಟ್ಟುತ್ತಾರೆ. ಅನ್ನ ಕೊಡುವ ಗಾಡಿಯನ್ನು ಯಾರೂ ಕಟ್ಟುವುದಿಲ್ಲ.

"ತಲಿಗಿಲಿ ಕೆಟ್ಟೈತೇನು ನಿಂಗ?" ಎಂದು ಹರಿಹಾಯ್ದೆ. "ನಮಗ ಹೊಲ ಎಲ್ಲೈತೋ? ಮನಿ ಮುಂದ ತುಳಸಿ ಗಿಡ ಇಡಾಕ ಜಾಗ ಇಲ್ಲ."

ಅವನು ಬಗ್ಗಿದ. ಕ್ಯಾರಿಯರಿನ ಕೆಳಗಿನ ಪೈಪನ್ನು ತೋರಿಸಿದ. ಹಗ್ಗ ಉಜ್ಜಿ ಉಜ್ಜಿ ಬಣ್ಣ ಹೋಗಿ ಕಬ್ಬಿಣ ಬೆಳ್ಳಗೆ ಹೊಳೆಯುತ್ತಿತ್ತು. ನನ್ನ ಗಂಟುಗಳು ಮೇಲೆ ಇರುತ್ತವೆ, ಅಲ್ಲಿ ನನ್ನ ಹಗ್ಗ ತಾಗುವುದೇ ಇಲ್ಲ. ಆಮೇಲೆ ಬ್ರೇಕ್ ಡ್ರಮ್ಮನ್ನು ನೆಲಕ್ಕೆ ತಟ್ಟಿದ. ಮೆಕ್ಕೆಜೋಳದ ಎಲೆಯ ನಾರು, ಅದರ ಜೊತೆ ಒಂದು ಹಿಡಿ ಮಣ್ಣು ಬಿತ್ತು. ಕೊಟ್ಟೂರಿನ ಕೆಂಪು ಮಸಾರಿಯಲ್ಲ. ಕಪ್ಪು ಎರೆಮಣ್ಣು, ನಡುನಡುವೆ ಸುಣ್ಣದ ಸಣ್ಣ ಹರಳು.

ಎರೆಹೊಲ ಎಷ್ಟೋ ಕಡೆ ಇದೆ, ಗೊತ್ತು. ಆದರೆ ಹೊಸ ಸೊಸೆಯಾಗಿ ಹೋಗಿದ್ದ ಮೊದಲ ವರ್ಷ ಹಿರೇಹಡಗಲಿಯ ಹೊಲದಲ್ಲಿ ಕಳೆ ಕೀಳುವಾಗ ಅಂಥವೇ ಬಿಳಿ ಹರಳು ನನ್ನ ಬೆರಳ ಸಂದಿಯನ್ನು ಕೊರೆದಿದ್ದವು. ಇರಲಿಕ್ಕಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಲಿಂಗ ಹಿಡಿದು ಆಣೆ ಮಾಡಿದ್ದಾನೆ, ಇರಲಿಕ್ಕಿಲ್ಲ.

ಹುಲುಗೇಶನ ಬಳಿ ಬೇರಿಂಗು, ರಬ್ಬರು ಇದ್ದವು, ಹಾಕಿಕೊಟ್ಟ. ಚೈನು, ಹಲ್ಲುಚಕ್ರ ಆಮೇಲೆ ಎಂದ. ಮನೆಗೆ ಬರುವಾಗ ಗಾಡಿ ಹಗುರಾಗಿ ಓಡುತ್ತಿತ್ತು. ನಾನು ಅಳುತ್ತಿದ್ದೆ.

ಸಂಜೆ ಬಸವೇಶ್ ಓಣಿಯಲ್ಲಿ ಒಂದು ಸುತ್ತು ಹೊಡೆದು ಬಂದು, "ಸೌಂಡ್ ಹೋತಲ್ಲ ಲೇ! ಹುಲುಗ್ಯಾ ಏನಂದ?" ಎಂದು ಕೇಳಿದ.

"ಬೇರಿಂಗ್ ಹೋಗಿದ್ವಂತ. ಹಳೇ ಗಾಡಿ ಅಂದ, ಅಷ್ಟ."

ಅವನ ಮುಖ ಸಡಿಲಾದದ್ದು ಕಾಣಿಸಿತು. ರೊಟ್ಟಿ ಹಾಕುತ್ತ, ಅವನಿಗೊಂದು ದಾರಿ ಬಿಟ್ಟು ನೋಡೋಣ ಎಂದು ಕೇಳಿದೆ.

"ನಾಳಿಗಿ ಕೆಲಸ ಎಲ್ಲ್ರಿ?"

"ಹರಪನಹಳ್ಳ್ಯಾಗ. ಅದ ಮನಿ. ಸ್ಲ್ಯಾಬ್ ಹಾಕೂದೈತಿ."

"ಮತ್ತೆಲ್ಲೂ ಹೋಗಂಗಿಲ್ಲಾ?"

"ಮತ್ತೆಲ್ಲಿಗೆ ಹೋಗ್ಲಿ? ಪಲ್ಯ ಹಾಕು," ಎಂದ. ಚಪ್ಪರಿಸಿ ಉಂಡು, ಬಾಯಿ ತೆರೆದು ಗೊರಕೆ ಹೊಡೆಯುತ್ತ ಮಲಗಿದ. ಸುಳ್ಳು ಹೇಳಿದವನಿಗೆ ಅಷ್ಟು ಚೆನ್ನಾಗಿ ನಿದ್ದೆ ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಬೆಳಿಗ್ಗೆ ಅವನು ಗಾಡಿ ಹತ್ತಿ ಹೋದ. ನಾನು ಹಡಗಲಿ ಬಸ್ ಹತ್ತಿ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಹಿರೇಹಡಗಲಿಗೆ ಇಳಿದೆ. ದಾರಿಯುದ್ದಕ್ಕೂ ಒಂದೇ ಬೇಡಿಕೆ, ದೇವರೇ, ಆ ಹೊಲದಲ್ಲಿ ಬರೀ ಪೈರು ಇರಲಿ. ನಾನು ಸುಳ್ಳಾಗಲಿ, ಮನೆಗೆ ಹೋಗಿ ಗಂಡನ ಕಾಲು ಹಿಡಿದು ತಪ್ಪಾಯಿತು ಎನ್ನುತ್ತೇನೆ.

ಹೊಲ ಕಾಣುವ ಮೊದಲೇ ಕೇಳಿಸಿತು. ನನ್ನ ಗಾಡಿ ಫಸ್ಟ್ ಗೇರಿನಲ್ಲಿ ಬೊಬ್ಬೆ ಹೊಡೆಯುತ್ತಿತ್ತು. ಬದುವಿನ ಮೇಲೆ ಹತ್ತಿ ನಿಂತೆ. ಸಾಲಿನ ನಡುವೆ ಬಸವೇಶ್ ಲುಂಗಿ ಎತ್ತಿ ಕಟ್ಟಿ ನನ್ನ ಗಾಡಿಯ ಮೇಲೆ ಕೂತಿದ್ದ. ಹಿಂದೆ ಹಗ್ಗ, ಹಗ್ಗದ ತುದಿಗೆ ಕುಂಟೆ. ಕುಂಟೆ ಹಿಡಿದವನು ನಾಗಪ್ಪ. ನನ್ನ ಟ್ರಂಕು ಝಾಡಿಸಿದ ಆ ಕೈಗಳು. ಅವನು ಏನೋ ಅಂದ, ಬಸವೇಶ್ ತಲೆ ಹಿಂದಕ್ಕೆ ಹಾಕಿ ನಕ್ಕ. ನನ್ನ ಜೊತೆ ಅಷ್ಟು ಬಾಯಿ ತುಂಬ ನಕ್ಕು ಎಷ್ಟು ಕಾಲವಾಗಿತ್ತೋ.

ಮೊದಲು ನನ್ನನ್ನು ಕಂಡದ್ದು ನಾಗಪ್ಪನ ಹೆಂಡತಿ ನೀಲಗಂಗಮ್ಮ. ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚುತ್ತಿದ್ದವಳು ಎದ್ದು ಓಡಿಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. ಕೆಟ್ಟ ಹೆಂಗಸಲ್ಲ ಅವಳು. ಅವಳ ಕಣ್ಣಲ್ಲಿ ನೀರಿತ್ತು.

"ಬಂದ್ಯೇನವ್ವಾ? ಬಾ, ಬಾ. ಬಾಳ ಚಲೋ ಆತು. ನೀನೂ ಬರ್ತಿ ಅಂತ ನಾ ಹೇಳತಿದ್ದೆ. ಕುಂದ್ರು, ರೊಟ್ಟಿ ತಿನ್ನು. ನಾವು ಯಾರೂ ಏನೂ ಮನಸಿನಾಗ ಇಟ್ಕೊಂಡಿಲ್ಲ."

"ನೀವು ಮನಸಿನಾಗ ಇಟ್ಕೊಳ್ಳಾಕ ಏನೈತಕ್ಕಾ?" ಎಂದೆ.

"ಅದ ತಂಗಿ, ಆಗಿದ್ದಾತು. ಮನಷ್ಯಾರು ಅಂದಮ್ಯಾಗ ತಪ್ಪು ಆಗ್ತಾವ. ನಿನ್ನ ಗಂಡ ಯುಗಾದಿಗೆ ಬಂದಾಗ ಎಲ್ಲಾ ಬಿಚ್ಚಿ ಹೇಳಿದ. ಬೋರಮಾಳ ನೀನ ತಗಂಡಿದ್ದಿ, ಮಾರಿ ಗಾಡಿ ತಗಂಡಿ ಅಂತ. ನಿನ್ನ ಪರವಾಗಿ ಅವ ಅಣ್ಣನ ಕಾಲಿಗೆ ಬಿದ್ದ. ಅತ್ತ. ಹೆಂಗಿದ್ರೂ ನಮ್ಮತ್ತಿ ಬಂಗಾರದ ಗಾಡಿ, ನಮ್ಮ ಹೊಲಕ್ಕೂ ಈಟು ದುಡೀಲಿ ಅಂತ ಇವರು ಅಂದ್ರು. ಅವ ಹೂಂ ಅಂದ."

ಅವಳ ಬಾಯಿ ಅಲ್ಲಾಡುತ್ತಿತ್ತು, ಮಾತು ಕೇಳಿಸಲಿಲ್ಲ. ಮಷೀನು ತುಳಿದು ತುಳಿದು ಊದಿಕೊಂಡ ನನ್ನ ಕಾಲು, ಕಣ್ಣುರಿಸಿಕೊಂಡು ಹಾಕಿದ ಹೊಲಿಗೆ, ಎಲ್ಲ ಹೋಗಿ ನಾನು ಸತ್ತ ಅತ್ತೆಯ ಕೊರಳಿನ ಸರ ಕದ್ದವಳಾಗಿದ್ದೆ. ಯುಗಾದಿಯಿಂದ ಇಲ್ಲಿಯವರೆಗೆ ಈ ಊರಿನಲ್ಲಿ ನಾನು ಕಳ್ಳಿ. ನನ್ನನ್ನು ಕಳ್ಳಿ ಮಾಡಿದವನು ಪ್ರತಿ ರಾತ್ರಿ ನನ್ನ ಕೈಯ ರೊಟ್ಟಿ ತಿಂದಿದ್ದ.

ಗಾಡಿಯ ಸದ್ದು ನಿಂತಿತ್ತು. ಬಸವೇಶ್ ನನ್ನನ್ನು ನೋಡಿಬಿಟ್ಟಿದ್ದ. ಸಾಲಿನೊಳಗೆ ಇಳಿದು ಹೋಗಿ ಅವನ ಮುಂದೆ ನಿಂತೆ.

"ಹೇಳು," ಎಂದೆ. ಮದುವೆಯಾದ ಮೇಲೆ ಮೊದಲ ಸಲ ಅವನಿಗೆ ಏಕವಚನ ಹಚ್ಚಿದೆ. "ಇವರ ಮುಂದ ಹೇಳು. ಸರ ನಾ ಕದ್ದೀನಾ?"

ಅವನು ಹ್ಯಾಂಡಲ್ ನೋಡುತ್ತ ಕೂತ.

"ಹೇಳೋ!"

"ಮೆಲ್ಲಗ ಲೇ," ಎಂದ. ನನಗೆ ಮಾತ್ರ ಕೇಳುವ ಹಾಗೆ, "ಒಂದು ಮಾತು ಅಷ್ಟ. ಹಂಗ ಹೇಳದಿದ್ರ ಅಣ್ಣ ಬಾಗಲದಾಗ ಬಿಟ್ಕೊಳ್ಳತಿದ್ದಿಲ್ಲ. ಹುಟ್ಟಿದ ಮನಿ ಬಿಟ್ಟು ಎಷ್ಟ್ ದಿನ ಇರ್ಲಿ? ನೀ ಹೆಂಗೂ ಈ ಊರಿಗೆ ಬರಾಕಿ ಅಲ್ಲ. ನಿನಗೇನ್ ಕಡಿಮಿ ಆತು?"

ನಿನಗೇನು ಕಡಿಮೆಯಾಯಿತು. ಅವನು ನಿಜವಾಗಿಯೂ ಕೇಳುತ್ತಿದ್ದ. ಅವನ ಮುಖದಲ್ಲಿ ನಾಚಿಕೆಯೂ ಇರಲಿಲ್ಲ. ನಾನು ಎಲ್ಲಿ ಗಲಾಟೆ ಮಾಡಿ ಅಣ್ಣನ ಮನಸ್ಸು ಕೆಡಿಸುತ್ತೇನೋ ಎಂಬ ಗಾಬರಿ ಅಷ್ಟೇ. ಅತ್ತೆಯ ಸರ ಯಾರ ಕೈ ಸೇರಿತೋ ನನಗೆ ಇವತ್ತಿಗೂ ಗೊತ್ತಿಲ್ಲ. ನನ್ನ ಹೆಸರು ಎಲ್ಲಿ ಹೋಯಿತು ಎಂಬುದು ಮಾತ್ರ ಆ ಸಾಲಿನಲ್ಲಿ ನಿಂತು ಗೊತ್ತಾಯಿತು.

"ಇಳಿ," ಎಂದೆ.

ಇಳಿದ. ಕ್ಯಾರಿಯರಿನ ಹಗ್ಗ ಬಿಚ್ಚತೊಡಗಿದೆ. ಗಂಟು ಬಿಗಿದಿತ್ತು, ಹಲ್ಲಿನಿಂದ ಕಚ್ಚಿ ಸಡಿಲಿಸಿದೆ, ಬಾಯಿಗೆ ಮಣ್ಣು ಬಂತು. ನಾಗಪ್ಪ ಕುಂಟೆ ಬಿಟ್ಟು ಮುಂದೆ ಬಂದು ಹ್ಯಾಂಡಲ್ ಹಿಡಿದ.

"ಗಾಡಿ ಎಲ್ಲಿಗೆ? ಇನ್ನ ಅರ್ಧ ಹೊಲ ಐತಿ. ನಮ್ಮವ್ವನ ಬಂಗಾರ ಇದು. ನೀ ಬಸ್ಸಿಗೆ ಹೋಗು."

ನಾನು ನಾಗಪ್ಪನನ್ನು ನೋಡಲಿಲ್ಲ, ಬಸವೇಶನನ್ನು ನೋಡಿದೆ. ಈಗಲಾದರೂ, 'ಬಿಡಣ್ಣಾ, ಅದು ಅಕೀದು' ಎಂದು ಒಂದು ಮಾತು ಅಂದಿದ್ದರೆ! ದೇವರಾಣೆ, ಅಷ್ಟಕ್ಕೇ ನಾನು ಕರಗಿಬಿಡುತ್ತಿದ್ದೆ. ನಾನು ಅಂಥ ದಡ್ಡಿ.

ಅವನು ಬಗ್ಗಿ, ಕೆಳಗೆ ಬಿದ್ದಿದ್ದ ಕುಂಟೆಯನ್ನು ಎತ್ತಿ ನೆಟ್ಟಗೆ ನಿಲ್ಲಿಸಿದ. "ಹೋಗ ಲೇ, ಬಸ್ಸಿಗೆ ಹೋಗು. ಸಂಜಿಗೆ ಮನ್ಯಾಗ ಮಾತಾಡೂಣು," ಎಂದ.

"ಗಾಡಿ ನನ್ನ ಹೆಸರಿಲೆ ಐತಿ ಭಾವ," ಎಂದೆ ನಾಗಪ್ಪನಿಗೆ. "ಪೊಲೀಸ್ರನ್ನ ಕರಿ. ಅವರ ಮುಂದ ಟ್ರಂಕ್ ತೆಗಸು, ಏನ್ ತೆಗಸ್ತಿ ತೆಗಸು. ಈಗ ಕೈ ತಗಿ." ನನ್ನ ದನಿಗೋ ಏನೋ, ನೀಲಗಂಗಮ್ಮ ಓಡಿಬಂದು ಗಂಡನ ತೋಳು ಹಿಡಿದು ಎಳೆದಳು. ಅವನ ಕೈ ಸಡಿಲವಾಯಿತು. ಸೀರೆ ಎತ್ತಿ ಕಟ್ಟಿ, ಗಾಡಿ ಹತ್ತಿ, ಕಿಕ್ ಹೊಡೆದೆ.

ಸಾಲಿನ ನಡುವೆ ಮೆಲ್ಲಗೆ ಹೊರಟೆ. ಎರೆಮಣ್ಣಿನಲ್ಲಿ ಗಾಲಿ ಹೂತು ಹೂತು ಬರುತ್ತಿತ್ತು. ಕಣ್ಣು ಮಂಜಾಗಿ ಪೈರು ಯಾವುದು, ಸಾಲು ಯಾವುದು ಕಾಣಿಸದೆ ಮುಂದಿನ ಗಾಲಿ ಒಂದೆರಡು ಗಿಡದ ಮೇಲೆ ಹತ್ತಿತು. ಆಗ ಹಿಂದಿನಿಂದ "ಲೇ ಶಿವಲೀಲಾ! ನಿಂದ್ರ ಲೇ!" ಎಂದು ಅವನು ಕೂಗಿದ್ದು ಕೇಳಿಸಿತು. ಕನ್ನಡಿಯಲ್ಲಿ ನೋಡಿದೆ. ಲುಂಗಿ ಹಿಡಿದುಕೊಂಡು, ಎಡವುತ್ತ ಓಡಿಬರುತ್ತಿದ್ದ. ಬಂದ, ನನ್ನ ಗಂಡ ಬಂದ ಎಂದುಕೊಂಡು ಎಕ್ಸಲೇಟರ್ ಬಿಟ್ಟೆ. ಗಾಡಿ ನಿಂತೇಬಿಟ್ಟಿತು.

"ಸಾಲಿನಾಗ ಹೋಗ ಲೇ!" ಎಂದು ಏದುಸಿರು ಬಿಡುತ್ತ ಅರಚಿದ. "ಪೈರು ಸಾಯ್ತಾವ! ಅಣ್ಣ ಏನಂತಾನ?"

ನಾನು ಹ್ಯಾಂಡಲ್ ತಿರುಗಿಸಿದೆ. ಸಾಲು ಬಿಟ್ಟು, ಮೊಣಕಾಲುದ್ದದ ಮೆಕ್ಕೆಜೋಳದ ಮೇಲೆ ಅಡ್ಡಡ್ಡ, ನೇರ ರಸ್ತೆಯ ಕಡೆಗೆ ಹೊಡೆದೆ.